ಸಮವಸ್ತ್ರದ ಕಡತ ಯಾರ ಮೇಜಿನ ಮೇಲಿರಬೇಕು?

ನರ್ಸಿಂಗ್ ಕಾಲೇಜು ಸೇರಿದವರಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಕೈಸೇರುವುದು ನಿಯಮಗಳ ಪಟ್ಟಿ. ಕೂದಲನ್ನು ಹಿಂದಕ್ಕೆ ಬಾಚಿ ಬನ್ ಕಟ್ಟಬೇಕು, ಅದಕ್ಕೆ ಕಪ್ಪು ನೆಟ್ ಹಾಕಬೇಕು, ಕ್ಲಿಪ್ ಕೂಡ ಕಪ್ಪೇ ಆಗಬೇಕು. ದುಪಟ್ಟಾವನ್ನು ಎರಡೂ ಭುಜಕ್ಕೆ ಪಿನ್ ಮಾಡಿರಬೇಕು. ಓಲೆ ಚಿಕ್ಕದಿರಬೇಕು, ಬಳೆ ಕೂಡದು, ಉಗುರಿಗೆ ಬಣ್ಣ ಕೂಡದು, ಮೆಹಂದಿ ಕೂಡದು, ಹೂ ಮುಡಿಯುವಂತಿಲ್ಲ. ಹುಡುಗರಾದರೆ ಗಡ್ಡ ಬೋಳಿಸಿರಬೇಕು, ಶೂಗೆ ಪಾಲಿಶ್ ಇರಬೇಕು. ಕಾಲೇಜಿನಿಂದ ಕಾಲೇಜಿಗೆ ವಿವರ ಅಷ್ಟಿಷ್ಟು ಬದಲಾದರೂ ಧಾಟಿ ಒಂದೇ. ತಪ್ಪಿದರೆ ದಂಡ, ಇಲ್ಲವೇ ವಾರ್ಡಿನಿಂದ ಹಾಸ್ಟೆಲಿಗೆ ವಾಪಸ್, ಆ ದಿನದ ಕ್ಲಿನಿಕಲ್ ಹಾಜರಿ ಖೋತಾ. ಈ ಪಟ್ಟಿಯಲ್ಲಿ ಕೆಲವು ನಿಯಮಗಳು ರೋಗಿಯ ಜೀವ ಕಾಯುವಂಥವು. ಕೆಲವಕ್ಕೂ ರೋಗಿಗೂ ಎತ್ತಣಿಂದೆತ್ತಣ ಸಂಬಂಧವೂ ಇಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ಗದರಿಕೆಯ ಭಾಷೆಯಲ್ಲಿ ಬರೆದಿರುವುದರಿಂದ ಯಾವುದು ಯಾವ ಜಾತಿಯದ್ದೆಂದು ಹದಿನೆಂಟರ ವಿದ್ಯಾರ್ಥಿಗೆ ಗೊತ್ತಾಗುವುದೇ ಇಲ್ಲ. ನರ್ಸಿಂಗ್ ವಿದ್ಯಾರ್ಥಿಗಳ ಉಡುಪಿನ ನಿಯಮವನ್ನು ಕಾಲೇಜಿನ ಶಿಸ್ತು ಸಮಿತಿಯಿಂದ, ವಾರ್ಡನ್ನರ ಕೈಯಿಂದ ಬಿಡಿಸಿ, ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಒಪ್ಪಿಸಬೇಕು ಎಂಬುದು ಈ ಲೇಖನದ ವಾದ. ಕಡತ ಮೇಜು ಬದಲಿಸಿದರೆ ಅದರೊಳಗಿನ ಅರ್ಧದಷ್ಟು ಸಾಲುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಈಗ ಅದರಲ್ಲಿ ಇಲ್ಲದ ಒಂದೆರಡು ಮುಖ್ಯ ಸಾಲುಗಳು ಒಳಗೆ ಬರುತ್ತವೆ.

ಈ ನಿಯಮಗಳು ಎಲ್ಲಿಂದ ಬಂದವು ಎಂಬುದನ್ನು ನೋಡಿದರೆ ಗೊಂದಲದ ಮೂಲ ಸಿಗುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದದ್ದು 1860ರಲ್ಲಿ. ರೋಗಾಣುಗಳಿಂದ ಕಾಯಿಲೆ ಬರುತ್ತದೆಂಬ ತಿಳಿವಳಿಕೆ ಆಗಿನ್ನೂ ಬೇರೂರಿರಲಿಲ್ಲ. ಅಂದಿನ ನರ್ಸ್ ತೊಟ್ಟ ಉಡುಪು ಎರಡು ಕಡೆಯಿಂದ ಎರವಲು ತಂದದ್ದು: ಒಂದು ಕ್ರೈಸ್ತ ಸನ್ಯಾಸಿನಿಯರ ನಿಲುವಂಗಿ, ಇನ್ನೊಂದು ಸಿರಿವಂತರ ಮನೆಗೆಲಸದವರ ಏಪ್ರನ್. ತಲೆಯ ಮೇಲಿನ ಬಿಳಿ ಟೋಪಿ ಸನ್ಯಾಸಿನಿಯರ ತಲೆವಸ್ತ್ರದ ಮರಿ. ಇವತ್ತಿಗೂ ವಾರ್ಡಿನಲ್ಲಿ ಕೇಳುವ 'ಸಿಸ್ಟರ್' ಎಂಬ ಕರೆ ಬಂದದ್ದೂ ಅಲ್ಲಿಂದಲೇ. ಪರಗಂಡಸರ ಮೈಮುಟ್ಟಿ ಆರೈಕೆ ಮಾಡುವ ಹೆಣ್ಣುಮಕ್ಕಳನ್ನು ಸಮಾಜ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಆ ಉಡುಪು ಒಂದು ರಕ್ಷಾಕವಚವಾಗಿತ್ತು. ನಮ್ಮಲ್ಲೂ ಹಾಗೆಯೇ. 1880ರಲ್ಲಿ ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಅವರ ಚಿಕಿತ್ಸಾಲಯ, 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುವಾದ ಕಾಲದಿಂದ, ಮಗಳನ್ನು ನರ್ಸ್ ಕೆಲಸಕ್ಕೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ಮನೆಗಳಿಗೆ ಬಿಳಿ ಸಮವಸ್ತ್ರವೇ ಅಭಯಪತ್ರ. ಆ ಅಗತ್ಯ ಸುಳ್ಳಾಗಿರಲಿಲ್ಲ. ಆದರೆ ಅದು ಮರ್ಯಾದೆಯ ಅಗತ್ಯವೇ ಹೊರತು ಚಿಕಿತ್ಸೆಯದ್ದಲ್ಲ. ಕ್ರಿಮಿಶಾಸ್ತ್ರ ಬಂದ ಮೇಲೆ ಮರ್ಯಾದೆಯ ನಿಯಮಗಳೇ ಸ್ವಚ್ಛತೆಯ ಹೆಸರು ಹೊತ್ತು ಮುಂದುವರಿದವು. ಗಂಜಿ ಹಾಕಿ ನಿಲ್ಲಿಸಿದ ಟೋಪಿಯ ಗತಿ ನೋಡಿ: ಬಗ್ಗಿದಾಗ ಜಾರುತ್ತಿತ್ತು, ಡ್ರಿಪ್ಪಿನ ನಳಿಕೆಗೆ ತೊಡರುತ್ತಿತ್ತು, ವಾರಗಟ್ಟಲೆ ಒಗೆಯದೆ ಕೊಳೆ ಹಿಡಿಯುತ್ತಿತ್ತು. ಬಹುತೇಕ ಕಡೆ ಅದು ಮೂಲೆ ಸೇರಿತು. ಅದರಿಂದ ವೃತ್ತಿಯ ಘನತೆ ಕುಂದಿತೆಂದು ಈಗ ಯಾರೂ ಕೊರಗುತ್ತಿಲ್ಲ.

ಹಾಗಾದರೆ ರೋಗಿಯನ್ನು ನಿಜವಾಗಿ ಕಾಯುವುದು ಯಾವುದು? ಇದಕ್ಕೆ ವೈದ್ಯಶಾಸ್ತ್ರ ಕೊಟ್ಟ ಮೊದಲ ಸ್ಪಷ್ಟ ಉತ್ತರ 1847ರ ವಿಯೆನ್ನಾದ್ದು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಸಾಯುತ್ತಿದ್ದ ಪ್ರಮಾಣ, ಸೂಲಗಿತ್ತಿ ತರಬೇತಿಯ ಹೆಣ್ಣುಮಕ್ಕಳು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ಬಹಳ ಹೆಚ್ಚಿತ್ತು. ಶವ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರಿಂದಲೇ ಸಾವು ಬರುತ್ತಿದೆ ಎಂದು ಇಗ್ನಾಜ್ ಸೆಮ್ಮೆಲ್ವೈಸ್ ಗುರುತಿಸಿದರು. ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್ ತಿಂಗಳಲ್ಲಿ ಶೇ 18ರಷ್ಟಿದ್ದ ಮರಣ ಪ್ರಮಾಣ ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ಯಾರ ಕೋಟೂ ಬದಲಾಗಿರಲಿಲ್ಲ, ಬದಲಾದದ್ದು ಕೈ. ಇನ್ನೊಂದನ್ನೂ ಮರೆಯಬಾರದು. ಅಪಾಯ ಇದ್ದದ್ದು ಶ್ರೇಣಿಯ ಮೇಲ್ತುದಿಯಲ್ಲಿ, ನಿಯಮ ಹೇಳಿಸಿಕೊಳ್ಳಲು ಒಪ್ಪದವರ ಬಳಿ. ಸೆಮ್ಮೆಲ್ವೈಸ್ ಅವರನ್ನು ಎದುರಿಸಿದ್ದು ಕೂಡ ಅವರೇ.

ಅಂದಿನಿಂದ ಇಂದಿನವರೆಗಿನ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಇಳಿಮೆಟ್ಟಿಲು ಕಾಣುತ್ತದೆ. ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಕೈ ಮತ್ತು ಉಗುರಿನ ವಿಷಯದಲ್ಲಿ. 1997–98ರಲ್ಲಿ ಅಮೆರಿಕದ ಓಕ್ಲಹೋಮ ಸಿಟಿಯ ನವಜಾತ ಶಿಶುಗಳ ತೀವ್ರ ನಿಗಾ ಘಟಕವೊಂದರಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ 46 ಕೂಸುಗಳಿಗೆ ಹರಡಿತು. ಅವುಗಳಲ್ಲಿ 16 ಉಳಿಯಲಿಲ್ಲ. ತನಿಖೆ ನಡೆದಾಗ ಸೋಂಕಿನ ಜಾಡು ಇಬ್ಬರು ನರ್ಸ್‌ಗಳ ಕೈಯತ್ತ ಹೊರಳಿತು. ಒಬ್ಬರಿಗೆ ಉದ್ದನೆಯ ಸಹಜ ಉಗುರು, ಇನ್ನೊಬ್ಬರಿಗೆ ಅಂಟಿಸಿದ ಕೃತಕ ಉಗುರು. ಉಗುರೊಂದೇ ಕಾರಣವೆಂದು ತನಿಖೆ ತೀರ್ಪು ಕೊಡಲಿಲ್ಲ, ಪಾತ್ರ ಇದ್ದಿರಬಹುದೆಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಕೈನೈರ್ಮಲ್ಯ ಮಾರ್ಗಸೂಚಿಯಲ್ಲಿ ರೋಗಿಯನ್ನು ಮುಟ್ಟುವವರು ಕೃತಕ ಉಗುರು ಹಾಕಿಕೊಳ್ಳಬಾರದು, ಸಹಜ ಉಗುರಿನ ತುದಿ ಅರ್ಧ ಸೆಂಟಿಮೀಟರ್ ಮೀರಬಾರದು ಎಂದಿತು. ಬಣ್ಣದ ವಿಷಯದಲ್ಲಿ ಅದು ಹೇಳಿದ್ದು ಬೇರೆಯೇ: ಹೊಸದಾಗಿ ಹಚ್ಚಿದ ಬಣ್ಣ ಅಷ್ಟೇನೂ ತೊಂದರೆ ಕೊಡದು, ಸಿಪ್ಪೆ ಏಳುವ ಹಳೆಯ ಬಣ್ಣದ ಬಿರುಕಿನಲ್ಲಿ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಹಚ್ಚಿದ ಬಣ್ಣ ಹಳತಾಗದೆ ಇರದಲ್ಲ, ಆದ್ದರಿಂದ ಉಗುರಿಗೆ ಬಣ್ಣ ಬೇಡವೆಂಬ ನಿಯಮಕ್ಕೆ ಕಾರಣ ಇದೆ. ಉಂಗುರ ತೊಟ್ಟ ಕೈಗೆ ರೋಗಾಣು ಹೆಚ್ಚು ಅಂಟಿರುತ್ತದೆಂದು ತೋರಿಸಿದ ಅಧ್ಯಯನಗಳೂ ಇವೆ. ಮೆಹಂದಿಗೆ ಇಂಥ ಯಾವ ಅಪರಾಧವೂ ಅಂಟಿಕೊಂಡಿಲ್ಲ. ಚರ್ಮಕ್ಕೆ ಹಿಡಿದ ಬಣ್ಣ ಕೈತೊಳೆಯಲು ಅಡ್ಡಬರುವುದಿಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ ಪುರಾವೆ ತೆಳ್ಳಗಾಗುತ್ತದೆ, ಇದನ್ನು ಮುಚ್ಚಿಡಬಾರದು. ಆಸ್ಪತ್ರೆಯಲ್ಲಿ ಬಳಸುವ ಬಟ್ಟೆಗಳ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ದಿನಗಟ್ಟಲೆ, ಪಾಲಿಯೆಸ್ಟರ್‌ನಂಥ ಬಟ್ಟೆಯಾದರೆ ವಾರಗಟ್ಟಲೆ ಬದುಕಿರುತ್ತವೆ ಎಂದು 2000ದಲ್ಲಿ ಸಿನ್ಸಿನಾಟಿಯ ಸಂಶೋಧಕರು ತೋರಿಸಿದರು. 2004ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಆಸ್ಪತ್ರೆಯಲ್ಲಿ 42 ವೈದ್ಯರ ಟೈ ಪರೀಕ್ಷಿಸಿದರೆ ಸುಮಾರು ಅರ್ಧದಷ್ಟರಲ್ಲಿ ಕಾಯಿಲೆ ತರಬಲ್ಲ ಜೀವಿಗಳು ಸಿಕ್ಕವು. ಅದೇ ಆಸ್ಪತ್ರೆಯ ಹತ್ತು ಕಾವಲುಗಾರರ ಟೈಗಳಲ್ಲಿ ಸಿಕ್ಕಿದ್ದು ಒಂದರಲ್ಲಿ. 2011ರಲ್ಲಿ ಜೆರುಸಲೇಮಿನ ಆಸ್ಪತ್ರೆಯೊಂದರಲ್ಲಿ ವೈದ್ಯರ ಮತ್ತು ನರ್ಸ್‌ಗಳ ಅರ್ಧಕ್ಕೂ ಹೆಚ್ಚು ಸಮವಸ್ತ್ರಗಳಲ್ಲಿ ಇಂಥವೇ ಪತ್ತೆಯಾದವು. ಅಷ್ಟಾದರೂ ಬಟ್ಟೆಯಲ್ಲಿದ್ದ ರೋಗಾಣು ರೋಗಿಗೆ ದಾಟಿ ಕಾಯಿಲೆ ತಂದದ್ದನ್ನು ಈ ಅಧ್ಯಯನಗಳು ಸಾಬೀತು ಮಾಡಿಲ್ಲ. ಅದೇ ವರ್ಷ ಡೆನ್ವರಿನಲ್ಲಿ ನೂರು ವೈದ್ಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗತಾನೆ ಒಗೆದ ಅರ್ಧ ತೋಳಿನ ಸಮವಸ್ತ್ರ, ಇನ್ನೊಂದಕ್ಕೆ ಅವರ ಅಪರೂಪಕ್ಕೆ ಒಗೆಯುವ ಬಿಳಿ ಕೋಟು ತೊಡಿಸಿ ನೋಡಲಾಯಿತು. ಎಂಟು ಗಂಟೆಯ ಕೊನೆಗೆ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಒಗೆದ ಬಟ್ಟೆ ಮೂರೇ ಗಂಟೆಯಲ್ಲಿ ಅರ್ಧ ದಾರಿ ಸವೆಸಿತ್ತು. ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ 'ಮೊಣಕೈಯಿಂದ ಕೆಳಗೆ ಬರಿಗೈ' ಎಂಬ ನಿಯಮ ತಂದಾಗಲೂ, ಸಮವಸ್ತ್ರದಿಂದ ಸೋಂಕು ಹರಡುತ್ತದೆಂಬುದಕ್ಕೆ ನಿರ್ಣಾಯಕ ಪುರಾವೆ ಇಲ್ಲವೆಂದು ಅದರ ದಾಖಲೆಯಲ್ಲೇ ಒಪ್ಪಿಕೊಂಡಿತ್ತು. ಬರಿಗೈ ನಿಯಮದ ಹಿಂದಿದ್ದ ತರ್ಕ ಸರಳ: ತೋಳು, ಗಡಿಯಾರ, ಬಳೆ ಇಲ್ಲದ ಕೈಯನ್ನು ಮಣಿಕಟ್ಟಿನವರೆಗೆ ಚೆನ್ನಾಗಿ ತೊಳೆಯಬಹುದು.

ಪುರಾವೆ ಇಷ್ಟು ತೆಳುವಾಗಿದ್ದರೆ ಉಡುಪಿನ ನಿಯಮವೇ ಏಕೆ ಬೇಕು ಎಂದು ಕೇಳುವವರುಂಟು. ಬೇಕು. ಅಪಾಯ ಊಹೆಗೆ ನಿಲುಕುವಂತಿದ್ದು, ತಡೆಯಲು ತಗಲುವ ಖರ್ಚು ಕಡಿಮೆಯಿದ್ದರೆ, ಪೂರ್ಣ ಸಾಬೀತಿಗೆ ಕಾಯುತ್ತ ಕೂರುವುದು ಜಾಣತನವಲ್ಲ. ಆದರೆ ಪ್ರತಿ ನಿಯಮದ ತೂಕ ಅದರ ಪುರಾವೆಯ ತೂಕಕ್ಕೆ ತಕ್ಕಂತಿರಬೇಕು. ಕೈ, ಉಗುರು, ಉಂಗುರ, ಬಳೆ, ಕೈಗಡಿಯಾರಗಳ ವಿಷಯದಲ್ಲಿ ರಿಯಾಯಿತಿ ಬೇಡ. ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕೇಬೇಕೆಂದು ಕೈಗಡಿಯಾರವನ್ನು ಸಮರ್ಥಿಸುವವರಿಗೆ ನೂರು ವರ್ಷಕ್ಕೂ ಹಳೆಯ ಉತ್ತರ ಇದೆ: ಎದೆಗೆ ತಲೆಕೆಳಗಾಗಿ ಸಿಕ್ಕಿಸುವ ಪುಟ್ಟ ಗಡಿಯಾರ. ಕೂದಲು ಮುಖದ ಮೇಲೆ, ಗಾಯದ ಮೇಲೆ ಬೀಳದಂತೆ ಕಟ್ಟಿರಬೇಕು. ಅದಕ್ಕೆ ಜಡೆಯನ್ನು ಮೇಲಕ್ಕೆ ಮಡಚಿ ಕಟ್ಟಿದರೂ ಸಾಕು, ಕ್ಲಿಪ್ಪಿನ ಬಣ್ಣ ಯಾವುದಾದರೇನು? ಮಲ್ಲಿಗೆ ಬೇಡವೆಂಬ ನಿಯಮವನ್ನು ನಾನು ಒಪ್ಪುತ್ತೇನೆ. ಡ್ರೆಸ್ಸಿಂಗ್ ಟ್ರೇಯ ಮೇಲೆ ಎಸಳು ಉದುರೀತು, ವಾಂತಿಯಲ್ಲೇ ಬಳಲುತ್ತಿರುವ ಕ್ಯಾನ್ಸರ್ ರೋಗಿಗೆ ಅದರ ಗಾಢ ಪರಿಮಳವೇ ಹಿಂಸೆಯಾದೀತು. ಹಣೆಯ ಬೊಟ್ಟು, ಮೂಗುಬೊಟ್ಟು, ಕಿವಿಗೆ ಅಂಟಿದಂತಿರುವ ಓಲೆಗಳನ್ನು ಕುರಿತು ಸೋಂಕು ತಜ್ಞರು ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಅದೇ ಜಾಗದಲ್ಲಿ ವಾರ್ಡನ್ನರು ತಲೆಕೆಡಿಸಿಕೊಳ್ಳುತ್ತಿರುವುದೇ ತೊಂದರೆ.

ಉಡುಪಿನ ಆಕಾರವನ್ನು ಕೆಲಸದ ಕಣ್ಣಿನಿಂದ ನೋಡಿದರೆ ನಮ್ಮ ನಿಯಮಗಳ ವಿರೋಧಾಭಾಸ ಇನ್ನೂ ಎದ್ದುಕಾಣುತ್ತದೆ. ಮೊದಲ ವರ್ಷದ ವಿದ್ಯಾರ್ಥಿ ಕಲಿಯುವ ಕೆಲಸಗಳನ್ನೇ ತೆಗೆದುಕೊಳ್ಳಿ. ರೋಗಿ ಮಲಗಿರುವಾಗಲೇ ಹಾಸಿಗೆಯ ಹೊದಿಕೆ ಬದಲಿಸುವುದು: ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕೊಳಕು ಚಾದರವನ್ನು ಬೆನ್ನಿನವರೆಗೆ ಸುರುಳಿ ಸುತ್ತಿ, ಮಂಚದ ಮೇಲೆ ಅಡ್ಡಕ್ಕೆ ಬಾಗಿ ಹೊಸದನ್ನು ಎಳೆಯಬೇಕು. ಆ ಭಂಗಿಯಲ್ಲಿ ಭುಜಕ್ಕೆ ಪಿನ್ ಮಾಡಿದ ದುಪಟ್ಟಾದ ತುದಿ ಎಲ್ಲಿ ತಾಗುತ್ತದೆ? ಅದೇ ಕೊಳಕು ಚಾದರಕ್ಕೆ. ಬೆಡ್‌ಪ್ಯಾನ್ ಇಡುವಾಗ, ಮೂತ್ರನಾಳಿಕೆಯ ಚೀಲ ಖಾಲಿ ಮಾಡಲು ನೆಲಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತಾಗ, ಎದೆಬಡಿತ ನಿಂತವರ ಎದೆಯನ್ನು ಮಂಚದ ಪಕ್ಕ ನಿಂತು ಒತ್ತುವಾಗ ಇದೇ ಕತೆ. ಸೀರೆಯ ಸೆರಗು, ನೆರಿಗೆಗಳದ್ದೂ ಇದೇ ಹಣೆಬರಹ. ರೋಗಾಣುವಿನ ಕಣ್ಣಲ್ಲಿ ದುಪಟ್ಟಾಕ್ಕೂ ಕ್ವೀನ್ಸ್ ಆಸ್ಪತ್ರೆಯ ವೈದ್ಯರ ಟೈಗೂ ಭೇದವಿಲ್ಲ, ಎರಡೂ ನೇತಾಡುವ, ಅಪರೂಪಕ್ಕೆ ಒಗೆಯುವ ಬಟ್ಟೆ. ಟೈ ಬೇಡವೆಂದ ಶಾಸ್ತ್ರವೇ ದುಪಟ್ಟಾ ಬೇಡವೆನ್ನುತ್ತದೆ. ಆದರೆ ನಮ್ಮ ಎಷ್ಟೋ ಕಾಲೇಜುಗಳಲ್ಲಿ ದುಪಟ್ಟಾ ಇಲ್ಲದಿರುವುದು ಅಪರಾಧ! ಅರ್ಧ ತೋಳಿನ ಸಡಿಲ ಅಂಗಿ, ಜೇಬುಳ್ಳ ಪೈಜಾಮ ಮಾದರಿಯ ಸ್ಕ್ರಬ್ಸ್ ಕೋವಿಡ್ ನಂತರ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿದೆ. ಮೈ ಮುಚ್ಚುವ ಮರ್ಯಾದೆಗೂ ಅದರಲ್ಲಿ ಕೊರತೆಯಿಲ್ಲ. ಶೂ ವಿಷಯದಲ್ಲಿ ನಿಯಮ ಸರಿಯಾಗಿಯೇ ಇದೆ, ಕಾರಣ ಮಾತ್ರ ತಪ್ಪು ಹೇಳುತ್ತಾರೆ. ಪಾಲಿಶ್ ಹೊಳೆಯಲೆಂದಲ್ಲ, ಕೈಜಾರಿ ಬಿದ್ದ ಸೂಜಿ ಪಾದಕ್ಕೆ ಚುಚ್ಚದಿರಲೆಂದು ಬೆರಳು ಮುಚ್ಚುವ ಶೂ ಬೇಕು.

ಪಟ್ಟಿಯಲ್ಲಿ ಕಾಣದ, ಕಾಣಲೇಬೇಕಾದ ನಿಯಮ ಒಗೆತದ್ದು. ಬ್ರಿಟನ್ನಿನ ಅದೇ ದಾಖಲೆ, ಸಮವಸ್ತ್ರವನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ನಿಮಿಷ ಒಗೆದರೆ ಬಹುತೇಕ ಎಲ್ಲ ಸೂಕ್ಷ್ಮಜೀವಿಗಳೂ ಹೋಗುತ್ತವೆ ಎಂದು ಹೇಳಿತ್ತು. ನಮ್ಮ ಹಾಸ್ಟೆಲಿನಲ್ಲಿ ಸಮವಸ್ತ್ರ ಒಗೆಯುವುದು ಹೇಗೆ? ಸ್ನಾನದ ಮನೆಯ ಬಕೆಟ್ಟಿನಲ್ಲಿ, ತಣ್ಣೀರಿನಲ್ಲಿ, ಬಾರ್ ಸೋಪು ಉಜ್ಜಿ, ಉಳಿದ ಬಟ್ಟೆಗಳ ಜೊತೆಗೇ. ಬಿಸಿನೀರು ಬರುವುದು ಬೆಳಿಗ್ಗೆ ಒಂದಿಷ್ಟು ಹೊತ್ತು, ಅದೂ ಸ್ನಾನಕ್ಕೆ. ಮಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದು ಕಿಟಕಿಯ ಸರಳಿನ ಮೇಲೆ, ಮಂಚಕ್ಕೆ ಕಟ್ಟಿದ ದಾರದ ಮೇಲೆ. ವಾರಕ್ಕೆ ಆರು ದಿನ ವಾರ್ಡಿನ ಕೆಲಸ, ಕೈಯಲ್ಲಿರುವುದು ಎರಡು ಜೊತೆ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಒಂದು ಜೊತೆ ಒಣಗಲು ಎರಡು ದಿನ ಬೇಕಾದರೆ ಆ ವಿದ್ಯಾರ್ಥಿ ಒದ್ದೆ ಬಟ್ಟೆ ತೊಡಬೇಕು, ಇಲ್ಲವೇ ನಿನ್ನೆಯದನ್ನೇ ಇಸ್ತ್ರಿ ಹಾಕಿ ತೊಡಬೇಕು. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವವರ ಕಣ್ಣಿಗೆ ಬೀಳುವುದು ಇಸ್ತ್ರಿಯ ಗೆರೆ. ಬಟ್ಟೆ ಎಂದು ಒಗೆದದ್ದೆಂದು ಗೆರೆ ಹೇಳುವುದಿಲ್ಲ. ಡೆನ್ವರಿನ ಫಲಿತಾಂಶ ತೋರಿಸಿ ಒಗೆತ ವ್ಯರ್ಥವೆಂದು ವಾದಿಸುವುದೂ ಸರಿಯಲ್ಲ. ಒಗೆದ ಬಟ್ಟೆ ಕೆಲಸದ ವೇಳೆಯಲ್ಲಿ ಮಲಿನವಾಗುತ್ತದೆ ಎಂದಷ್ಟೇ ಆ ಅಧ್ಯಯನ ಹೇಳಿದ್ದು. ನಿನ್ನೆ ಮೂತ್ರ, ಕೀವು, ರಕ್ತ ಸಿಡಿದ ಬಟ್ಟೆಯನ್ನು ಇಂದು ಹಾಸ್ಟೆಲಿನ ಊಟದ ಹಾಲಿಗೆ ತೊಟ್ಟು ಹೋಗಬಹುದೆಂದು ಅದು ಹೇಳಿಲ್ಲ. ಸಮವಸ್ತ್ರ ಆಸ್ಪತ್ರೆಯ ಕೆಲಸದ ಬಟ್ಟೆಯಾದರೆ ಅದನ್ನು ಒಗೆಸುವ ಹೊಣೆಯೂ ಆಸ್ಪತ್ರೆಯದ್ದಾಗಬೇಕು. ಹಾಸ್ಟೆಲಿಗೆ ಬಿಸಿನೀರಿನ ಒಗೆಯುವ ಯಂತ್ರಗಳು, ಪ್ರತಿ ವಿದ್ಯಾರ್ಥಿಗೆ ಕನಿಷ್ಠ ನಾಲ್ಕು ಜೊತೆ, ವಾರ್ಡಿನ ಪಕ್ಕ ಬಟ್ಟೆ ಬದಲಿಸುವ ಕೋಣೆ. ಇವು ಕಾಲೇಜಿಗೆ ದುಡ್ಡು ಖರ್ಚಾಗುವ ನಿಯಮಗಳು. ಕಪ್ಪು ಕ್ಲಿಪ್ಪಿಗೆ ಕಾಲೇಜು ಚಿಕ್ಕಾಸು ಬಿಚ್ಚಬೇಕಿಲ್ಲ. ಯಾವ ನಿಯಮ ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂಬುದಕ್ಕೆ ಇದೂ ಒಂದು ಕಾರಣವಿರಬಹುದು.

ಶಿಸ್ತಿನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನರ್ಸಿಂಗ್ ಕಲಿಸುವ ಹಿರಿಯರು ಹೇಳುವುದು ಹೀಗೆ: ಕ್ಲಿಪ್ಪಿನ ಬಣ್ಣ ಮುಖ್ಯವಲ್ಲ, ಸಣ್ಣ ಸೂಚನೆಯನ್ನೂ ಚಾಚೂ ತಪ್ಪದೆ ಪಾಲಿಸುವ ಅಭ್ಯಾಸ ಮುಖ್ಯ, ಇಂದು ಕ್ಲಿಪ್ ಮರೆತವರು ನಾಳೆ ಔಷಧದ ಪ್ರಮಾಣ ಮರೆತಾರು. ಕೇಳಲು ಸರಿಯೆನಿಸುತ್ತದೆ. ಆದರೆ ಒಳ್ಳೆಯ ನರ್ಸ್ ಆಗಲು ಬೇಕಾದ ಶಿಸ್ತು ಕಣ್ಣುಮುಚ್ಚಿ ಪಾಲಿಸುವುದಲ್ಲ. ವೈದ್ಯರು ಬರೆದ ಔಷಧದ ಪ್ರಮಾಣ ಹತ್ತು ಪಟ್ಟು ಹೆಚ್ಚಾಗಿದೆ ಎನಿಸಿದಾಗ 'ಸರ್, ಒಮ್ಮೆ ನೋಡಿ' ಎನ್ನುವ ಎದೆಗಾರಿಕೆ ಬೇಕಾಗುವುದು ಇದೇ ನರ್ಸ್‌ಗೆ. ನಾಲ್ಕು ವರ್ಷ 'ಏಕೆ' ಎಂದು ಕೇಳಿದ್ದಕ್ಕೆ ದಂಡ ಕಟ್ಟಿದವರ ಬಾಯಲ್ಲಿ ಆ ಮಾತು ಸುಲಭಕ್ಕೆ ಹೊರಡುವುದಿಲ್ಲ. ಕಾರಣವನ್ನು ಪಕ್ಕದಲ್ಲೇ ಬರೆದ ನಿಯಮ ಪಾಠವೂ ಆಗುತ್ತದೆ. 'ಉಂಗುರ ಬೇಡ' ಎಂದಷ್ಟೇ ಬರೆದರೆ ಅದು ಅಪ್ಪಣೆ. 'ಉಂಗುರದ ಕೆಳಗಿನ ಚರ್ಮ ತೊಳೆಯಲು ಸಿಗುವುದಿಲ್ಲ' ಎಂದೂ ಸೇರಿಸಿದರೆ ಅದು ಸೂಕ್ಷ್ಮಜೀವಿಶಾಸ್ತ್ರ. ಕಾರಣ ಬರೆಯಲಾಗದ ನಿಯಮಗಳನ್ನು ಸಮಿತಿಯವರೇ ಹೊಡೆದುಹಾಕುತ್ತಾರೆ. ಕಡತದ ಮೇಜು ಬದಲಾಗಬೇಕೆಂದು ನಾನು ಹೇಳುವುದು ಇದೇ ಲೆಕ್ಕಾಚಾರದಿಂದ.

ಶಿಸ್ತಿನ ಮಾತಿಗೆ ಇನ್ನೊಂದು ಪರೀಕ್ಷೆಯೂ ಇದೆ. ನಿಯಮ ಯಾರಿಗೆ ಅನ್ವಯಿಸುತ್ತದೆ? ವಾರ್ಡ್ ರೌಂಡ್ಸ್ ಹೊತ್ತಿನಲ್ಲಿ ಮಂಚದ ಸುತ್ತ ನಿಂತವರನ್ನು ನೋಡಿ. ನರ್ಸಿಂಗ್ ವಿದ್ಯಾರ್ಥಿಯ ಕೈ ಬರಿದಾಗಿರುತ್ತದೆ. ಎದುರಿಗೆ ನಿಂತ ಹಿರಿಯ ವೈದ್ಯರ ಮಣಿಕಟ್ಟಿನಲ್ಲಿ ಲೋಹದ ಪಟ್ಟಿಯ ಗಡಿಯಾರ, ಬೆರಳಿಗೆ ಹವಳದ್ದೋ ಪುಷ್ಯರಾಗದ್ದೋ ಉಂಗುರ, ಮೈಮೇಲೆ ಪೂರ್ತಿ ತೋಳಿನ ಬಿಳಿ ಕೋಟು. ಅವರು ಒಂದೊಂದು ಮಂಚಕ್ಕೂ ಹೋಗಿ ಮುಟ್ಟಿ ನೋಡುತ್ತಾರೆ. ಭಾರತದ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಈ ಬಿಳಿ ಕೋಟನ್ನು ಬಿಡಬೇಕೆಂದು ಮಂಗಳೂರಿನ ವೈದ್ಯ ಎಡ್ಮಂಡ್ ಫರ್ನಾಂಡಿಸ್ 2015ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಕೋಟು ಇನ್ನೂ ಇದೆ. ಕೆಳಗಿನವರಿಗೆ ಮಾತ್ರ ಬಿಗಿಯಾಗುವ ನಿಯಮವನ್ನು ಸೋಂಕು ನಿಯಂತ್ರಣ ಎನ್ನಲಾಗದು, ರೋಗಾಣುವಿಗೆ ಹುದ್ದೆಯ ಹಂಗಿಲ್ಲ. ಶಿಸ್ತು ಸಮಿತಿಗೆ ವಿದ್ಯಾರ್ಥಿಗಳ ಮೇಲಷ್ಟೇ ಅಧಿಕಾರ. ಸೋಂಕು ನಿಯಂತ್ರಣ ಸಮಿತಿ ಆಸ್ಪತ್ರೆಯ ಮುಖ್ಯಸ್ಥರಿಂದ ಹಿಡಿದು ಕಸ ಸಾಗಿಸುವವರ ತನಕ ಎಲ್ಲರಿಗೂ ಹೇಳಬಲ್ಲದು.

ಧರ್ಮ ಮತ್ತು ಸಂಪ್ರದಾಯದ ಪ್ರಶ್ನೆ ಕರ್ನಾಟಕದಲ್ಲಿ ಬಿಸಿಯಾದದ್ದು. 2022ರ ಹಿಜಾಬ್ ವಿವಾದದಲ್ಲಿ ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದು ತರಗತಿಯ ಕೋಣೆಯ ಪ್ರಶ್ನೆ. ರೋಗಿಯ ಮಂಚದ ಬಳಿ ಅಳತೆಗೋಲು ಬೇರೆ, ಹೆಚ್ಚು ಸರಳವೂ ಹೌದು. ಮೊಣಕೈಯಿಂದ ಕೆಳಗೆ ಯಾರಿಗೂ ವಿನಾಯಿತಿ ಬೇಡ: ಮದುವೆಯಾದವರ ಗಾಜಿನ ಬಳೆ, ಮಣಿಕಟ್ಟಿನ ಕೆಂಪು ದಾರ, ಸಿಖ್ಖರ ಕಡ, ಬುರ್ಖಾದ ಉದ್ದ ತೋಳು ಎಲ್ಲಕ್ಕೂ ಒಂದೇ ಮಾತು. ಕತ್ತಿನಲ್ಲಿರುವ ತಾಳಿ ಅಂಗಿಯೊಳಗೆ ಭದ್ರವಾಗಿದ್ದರೆ ಅದರ ಗೊಡವೆ ಬೇಕಿಲ್ಲ. ತಲೆವಸ್ತ್ರ ಗಿಡ್ಡವಾಗಿ, ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದು, ದಿನಾ ಒಗೆದದ್ದಾಗಿದ್ದರೆ ಸಾಮಾನ್ಯ ವಾರ್ಡಿನಲ್ಲಿ ಅದನ್ನು ಬೇಡವೆನ್ನಲು ಸೋಂಕಿನ ಕಾರಣ ನನಗೆ ಕಾಣುವುದಿಲ್ಲ. ತಲೆವಸ್ತ್ರ ತೊಟ್ಟ ಸನ್ಯಾಸಿನಿಯರು ನಮ್ಮ ನಾಡಿನ ಮಿಷನ್ ಆಸ್ಪತ್ರೆಗಳಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ಆರೈಕೆ ಮಾಡುತ್ತ ಬಂದಿದ್ದಾರೆ, ಅವರ ತಲೆವಸ್ತ್ರ ವೃತ್ತಿಗೆ ಅಡ್ಡಿಯೆಂದು ಯಾರೂ ಆಕ್ಷೇಪಿಸಿದ್ದಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಗೆ ಬಂದಾಗ ಎಲ್ಲರೂ ಅಲ್ಲಿನ ಟೋಪಿ, ಅಲ್ಲಿನ ಬಟ್ಟೆ ತೊಡಲೇಬೇಕು. 2023ರಲ್ಲಿ ತಿರುವನಂತಪುರದ ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿನಿಯರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ತಲೆ ಪೂರ್ತಿ ಮುಚ್ಚುವ ಟೋಪಿ ಮತ್ತು ಉದ್ದ ತೋಳಿನ ಸ್ಕ್ರಬ್ ಜಾಕೆಟ್ ಕೇಳಿದಾಗ ದೊಡ್ಡ ಗದ್ದಲವಾಯಿತು. ಸೋಂಕಿನ ದೃಷ್ಟಿಯಿಂದ ನೋಡಿದರೆ ಟೋಪಿಯ ಬೇಡಿಕೆಗೂ ತೋಳಿನ ಬೇಡಿಕೆಗೂ ಒಂದೇ ಉತ್ತರ ಇರಬೇಕಿಲ್ಲ. ಬ್ರಿಟನ್ನು ಈ ವಿಷಯದಲ್ಲಿ ಜಗಳಕ್ಕಿಳಿಯದೆ ದಾರಿ ಹುಡುಕಿತು. 2010ರ ಅಲ್ಲಿನ ಪರಿಷ್ಕೃತ ಮಾರ್ಗಸೂಚಿ, ಧಾರ್ಮಿಕ ಕಾರಣಕ್ಕೆ ಮುಂಗೈ ಮುಚ್ಚಲು ಬಯಸುವವರಿಗೆ ಬಳಸಿ ಬಿಸಾಡುವ ಮೇಲ್ತೋಳುಗಳಿಗೆ ಅವಕಾಶ ಕೊಟ್ಟಿತು. ಷರತ್ತು ಒಂದೇ, ಕೈಗವಸಿನಂತೆ ಪ್ರತಿ ರೋಗಿಗೂ ಬದಲಿಸಬೇಕು.

ಗಂಡುಮಕ್ಕಳ ಗಡ್ಡದ್ದೂ ಇದೇ ಬಗೆಯ ಪ್ರಶ್ನೆ. ಗಡ್ಡವಿದ್ದರೆ ಎನ್-95 ಮಾಸ್ಕ್ ಮುಖಕ್ಕೆ ಗಾಳಿಯಾಡದಂತೆ ಕೂರುವುದಿಲ್ಲ, ಕ್ಷಯದ ವಾರ್ಡಿನಲ್ಲಿ ಅದು ವಿದ್ಯಾರ್ಥಿಯ ಜೀವಕ್ಕೇ ಅಪಾಯ. ಅಂಥ ಕಡೆ ನಿಯಮ ಬಿಗಿಯಾಗಿರಲಿ. ಮೂಳೆ ವಾರ್ಡಿನಲ್ಲಿ ನೀಟಾಗಿ ಕತ್ತರಿಸಿದ ಗಡ್ಡ ಯಾರಿಗೆ ಏನು ಮಾಡೀತು? ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಿಖ್ ವೈದ್ಯರು ಗಡ್ಡದ ಮೇಲೆ ಹಿಗ್ಗುವ ಪಟ್ಟಿ ಕಟ್ಟಿ ಅದರ ಮೇಲೆ ಮಾಸ್ಕ್ ತೊಡುವ 'ಸಿಂಗ್ ಠಾಠಾ' ವಿಧಾನವನ್ನು ಪರೀಕ್ಷೆಗೊಡ್ಡಿದರು. ಪ್ರಯೋಗದಲ್ಲಿ ಭಾಗವಹಿಸಿದ ಬಹುತೇಕರ ಮಾಸ್ಕ್ ಸರಿಯಾಗಿ ಕೂತಿತು. ಮಾಸ್ಕ್ ಕೂರಬೇಕೆಂಬ ಕಾರಣ ಕಣ್ಣೆದುರಿಗಿದ್ದುದರಿಂದಲೇ ಅವರು ಬೇರೆ ಉಪಾಯ ಹುಡುಕಿದ್ದು.

ಉಳಿದದ್ದು ಹೆತ್ತವರ ಆತಂಕ. ಮಗಳು ರಾತ್ರಿ ಪಾಳಿ ಮಾಡುತ್ತಾಳೆ, ಅಪರಿಚಿತ ಗಂಡಸರ ನಡುವೆ ಓಡಾಡುತ್ತಾಳೆ, ಉಡುಪು ಕಟ್ಟುನಿಟ್ಟಾಗಿದ್ದರೆ ಒಳ್ಳೆಯದು ಎಂಬುದು ಸಹಜ ಭಾವನೆ. ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ 90ರಷ್ಟು ಹೆಂಗಸರೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಹೇಳಿತ್ತು. ಆದ್ದರಿಂದ ನರ್ಸಿಂಗ್ ಉಡುಪಿನ ನಿಯಮ ಎಂದರೆ ಬಹುಪಾಲು ಯುವತಿಯರ ಮೈಮೇಲಿನ ನಿಯಮವೇ. ಅಸಭ್ಯವಾಗಿ ನಡೆದುಕೊಳ್ಳುವ ರೋಗಿ, ಅವನ ಜೊತೆಗೆ ಬಂದವರು, ಸಿಬ್ಬಂದಿ ಇವರಿಂದ ರಕ್ಷಣೆ ಸಿಗುವುದು ಭುಜದ ಪಿನ್ನಿನಿಂದಲ್ಲ. ಬೆಳಕಿರುವ ಕಾರಿಡಾರು, ಪಾಳಿಯಲ್ಲಿ ಜೊತೆಗೊಬ್ಬರು, ಹಾಸ್ಟೆಲಿಗೆ ವಾಹನ, ಹೆಸರಿಗಷ್ಟೇ ಉಳಿಯದ ದೂರು ಸಮಿತಿ ಬೇಕು. ಪಿನ್ ಹಾಕಿದ್ದೀಯೋ ಇಲ್ಲವೋ ಎಂದು ಮೊದಲು ಕೇಳುವ ಕಾಲೇಜಿಗೆ, ಏನಾದರೂ ನಡೆದುಹೋದಾಗ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವುದು ಅಭ್ಯಾಸವಾಗಿಬಿಡುತ್ತದೆ.

ಸಮವಸ್ತ್ರ ಬೇಡವೆಂಬ ವಾದ ನನ್ನದಲ್ಲ. ಬಡವರ ಮನೆಯ ಹುಡುಗಿಗೂ ಉಳ್ಳವರ ಮನೆಯ ಹುಡುಗಿಗೂ ಒಂದೇ ಬಟ್ಟೆ ಎಂಬುದು ಸಣ್ಣ ಸಂಗತಿಯಲ್ಲ. ರೋಗಿಯ ಕಡೆಯಿಂದ ನೋಡಿದರೆ ಸಮವಸ್ತ್ರದ ದೊಡ್ಡ ಕೆಲಸ ಗುರುತು. ಆ ಕೆಲಸವನ್ನು ನಮ್ಮ ಸಮವಸ್ತ್ರಗಳು ನೆಟ್ಟಗೆ ಮಾಡುತ್ತಿಲ್ಲ. ಜಿಲ್ಲಾಸ್ಪತ್ರೆಯ ಮಂಚದ ಮೇಲೆ ಮಲಗಿದ ಅಜ್ಜಿಗೆ ನೀಲಿ, ಗುಲಾಬಿ, ಕಂದು, ಹಸಿರು ಬಟ್ಟೆಯವರು ಬಂದು ಹೋಗುತ್ತಾರೆ. ಒಬ್ಬೊಬ್ಬರದು ಒಂದೊಂದು ಕಾಲೇಜಿನ ಬಣ್ಣ. ಯಾರು ಶುಶ್ರೂಷಾಧಿಕಾರಿ, ಯಾರು ವಿದ್ಯಾರ್ಥಿ, ಯಾರು ಆಯಾ ಎಂದು ಆಕೆಗೆ ತಿಳಿಯುವುದು ಹೇಗೆ? ಎದೆಯ ಮೇಲೆ ಹೆಸರಿನ ಫಲಕ ಇರುತ್ತದೆ, ಇಂಗ್ಲಿಷಿನಲ್ಲಿ, ಚಿಕ್ಕ ಅಕ್ಷರದಲ್ಲಿ, ಕಾಲೇಜಿನ ಲಾಂಛನಕ್ಕಿಂತ ಕೆಳಗೆ. ಬ್ರಿಟನ್ನಿನ ವೈದ್ಯೆ ಕೇಟ್ ಗ್ರೇಂಜರ್ 2013ರಲ್ಲಿ ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ, ಮೈಮುಟ್ಟುವವರು ತಮ್ಮ ಹೆಸರನ್ನೂ ಹೇಳುವುದಿಲ್ಲವೆಂಬುದನ್ನು ಕಂಡು 'ನಮಸ್ಕಾರ, ನನ್ನ ಹೆಸರು ಹೀಗೆ' ಎಂಬರ್ಥದ ಆಂದೋಲನ ಆರಂಭಿಸಿದರು. 2016ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಆಂದೋಲನ ದೇಶದಾಚೆಗೂ ಹಬ್ಬಿತ್ತು. ಕೇರಳದಿಂದ, ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಬಂದು ನಮ್ಮಲ್ಲಿ ಓದುವ ಸಾವಿರಾರು ವಿದ್ಯಾರ್ಥಿಗಳ ಎದೆಯ ಮೇಲೆ ಅವರ ಹೆಸರು, ಕೆಳಗೆ 'ನರ್ಸಿಂಗ್ ವಿದ್ಯಾರ್ಥಿ, ಎರಡನೇ ವರ್ಷ' ಎಂದು ದಪ್ಪ ಕನ್ನಡ ಅಕ್ಷರದಲ್ಲಿದ್ದರೆ ರೋಗಿಗೂ ಅನುಕೂಲ, ಕನ್ನಡ ಕಲಿಯುತ್ತಿರುವ ಅವರಿಗೂ ಮಾತಿಗೊಂದು ಎಳೆ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ಸೋಂಕು ತಡೆಗೆ ಕೇಂದ್ರ ಆರೋಗ್ಯ ಸಚಿವಾಲಯದ 2020ರ ರಾಷ್ಟ್ರೀಯ ಮಾರ್ಗಸೂಚಿ ಇದೆ. ಜೈವಿಕ ತ್ಯಾಜ್ಯವನ್ನು ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು 2016ರ ನಿಯಮಗಳು ಆಸ್ಪತ್ರೆಗೆ ಹೊಣೆ ಹೊರಿಸಿವೆ. ವಿದ್ಯಾರ್ಥಿಗಳೂ ಆ ತ್ಯಾಜ್ಯವನ್ನು ದಿನಾ ಮುಟ್ಟುತ್ತಾರೆ. ಅವರ ನೆಟ್ಟನ್ನು ಪರೀಕ್ಷಿಸುವ ಕಾಲೇಜು ಲಸಿಕೆ ಕಾರ್ಡನ್ನೂ ಪರೀಕ್ಷಿಸಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ರಾಜ್ಯ ನರ್ಸಿಂಗ್ ಮಂಡಳಿ ತಮ್ಮ ವ್ಯಾಪ್ತಿಯ ಕಾಲೇಜುಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಸಾಕು: ಉಡುಪಿನ ನಿಯಮಗಳನ್ನು ಮಾತೃ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿ ರೂಪಿಸಲಿ, ಪ್ರತಿ ನಿಯಮದ ಪಕ್ಕ ಕಾರಣ ಬರೆಯಲಿ, ಸಮಿತಿಯಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬರು ಇರಲಿ, ಉಡುಪಿನ ಹೆಸರಿನಲ್ಲಿ ದಂಡ ವಸೂಲಿ ನಿಲ್ಲಲಿ. ಮಾನ್ಯತೆ ನವೀಕರಿಸಲು ಬರುವ ತಪಾಸಣಾ ತಂಡಗಳು ಗ್ರಂಥಾಲಯದ ಪುಸ್ತಕ, ಆಸ್ಪತ್ರೆಯ ಹಾಸಿಗೆ, ಬೋಧಕರ ಹಾಜರಿಯನ್ನು ಎಣಿಸಿ ಹೋಗುತ್ತವೆ. ಮುಂದಿನ ಸಲ ಹಾಸ್ಟೆಲಿನ ಹಿಂಬದಿಗೂ ಹೋಗಿ ಬಟ್ಟೆ ಒಗೆಯುವ ಜಾಗ ನೋಡಲಿ, ಅಲ್ಲಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ ಎಂದು ತಿರುಗಿಸಿ ನೋಡಲಿ. ಸಾಧ್ಯವಾದರೆ ಜುಲೈ ತಿಂಗಳಲ್ಲಿ ಬರಲಿ.